ಅದು ಸರೋವರ ಅಲ್ಲ ಕಣೇ, ಕೆರೆ

ಪುಟ್ಟಿ,

ನಾನು ಊರು ಸೇರಿ ಹತ್ತು ದಿನ ಆಯಿತು. ನಿನ್ನೆ ಸ್ವೆಟರ್ ಒಗೆಯಲು ತೆಗೆದರೆ ಜೇಬಿನಲ್ಲಿ ನಾವು ಸುತ್ತಾಡಿದ ಫ್ರಾನ್ಸಿನ ಬ್ರಿಟನಿ ಸೀಮೆಯ ಆ ಉಯೆಲ್‌ಗ್ವಾತ್ ಊರಿನ ಕಾಡಿನ ಒಂದು ಒಣ ಎಲೆ. ಅದಕ್ಕೇ ಈ ಪತ್ರ. ಫೋನಿನಲ್ಲಿ ಇಷ್ಟೆಲ್ಲ ಹೇಳಲು ಹೊರಟರೆ ನೀನು ‘ಮೀಟಿಂಗ್ ಇದೆ ಅಮ್ಮ’ ಅಂತೀಯ.

ನೀರಿನ ದಡದಲ್ಲಿ ಕೂತು ‘ಎಷ್ಟು ಚೆಂದದ ಸರೋವರ ಅಲ್ವಾ’ ಅಂದೆಯಲ್ಲ, ಅದು ಸರೋವರ ಅಲ್ಲ ಕಣೇ, ಕೆರೆ. ನಮ್ಮೂರಿನ ಹಾಗೇ ಜನ ಏರಿ ಕಟ್ಟಿ ನಿಲ್ಲಿಸಿದ ನೀರು. ಆದರೆ ಗದ್ದೆಗಲ್ಲ, ಗಣಿಗೆ. 18ನೇ ಶತಮಾನದಲ್ಲಿ ಅಲ್ಲಿ ಬೆಳ್ಳಿ ಬೆರೆತ ಸೀಸದ ಅದಿರು ತೆಗೆಯುತ್ತಿದ್ದರು. ಗಣಿ ಆಳಕ್ಕಿಳಿದಷ್ಟೂ ನೀರು ಒಸರುತ್ತದೆ. ಅದನ್ನು ಮೇಲೆತ್ತುವ ಪಂಪಿಗೆ ಚಕ್ರ ತಿರುಗಬೇಕು. ಚಕ್ರ ತಿರುಗಲು ಮತ್ತೆ ನೀರೇ ಬೇಕು! ಅದಕ್ಕೆ ಈ ಕೆರೆ, ಅಲ್ಲಿಂದ ಗುಡ್ಡದ ಪಕ್ಕೆ ಹಿಡಿದು ಹೋಗುವ ಆ ಉದ್ದನೆ ಕಾಲುವೆ. ನಾವು ನೆರಳಲ್ಲಿ ವಾಕಿಂಗ್ ಹೋದದ್ದು ಅದರ ದಂಡೆ ಮೇಲೇ. ಗಣಿ ಯಾವಾಗಲೋ ಮುಚ್ಚಿತು. ಕೆಳಗಿನ ಹೊಳೆಗೆ ಮಾತ್ರ ಇವತ್ತಿಗೂ ಬೆಳ್ಳಿ ಹೊಳೆ ಅಂತಲೇ ಹೆಸರು.

ಕೋಡಿ ನೀರು ಬಂಡೆಗಳ ಸಂದಿಯಲ್ಲಿ ಮಾಯವಾಗಿ, ಸದ್ದು ಮಾತ್ರ ಕೇಳುತ್ತಿತ್ತಲ್ಲ, ನನಗೆ ತುಂಬಾ ಹಿಡಿಸಿದ ಜಾಗ ಅದು. 30 ಕೋಟಿ ವರ್ಷಕ್ಕೂ ಹಳೆಯ ಗ್ರಾನೈಟ್, ಮಳೆನೀರಿಗೆ ಅಂಚು ಸವೆದು ದುಂಡಗಾಗಿದೆ. ಅಲ್ಲಿಯವರ ಕತೆಯೇ ಬೇರೆ. ಗಾರ್ಗಾಂಟುವಾ ಅನ್ನುವ ದೈತ್ಯ ಹಸಿದು ಬಂದನಂತೆ. ಊರವರ ಹತ್ತಿರ ಇದ್ದದ್ದು ಬಕ್‌ವೀಟ್ ಅನ್ನುವ ಕಾಳಿನ ಗಂಜಿ ಅಷ್ಟೇ. ಅದನ್ನೇ ಕೊಟ್ಟರು. ಅವನಿಗೆ ಸಿಟ್ಟು ಬಂದು, ದೂರ ಹೋಗಿ ನಿಂತು ಈ ಬಂಡೆಗಳನ್ನು ಬೀಸಿ ಒಗೆದನಂತೆ. ಅಂಬಲಿ ಕೊಟ್ಟಿದ್ದಕ್ಕೆ ಮುನಿಸಿಕೊಂಡ ನೆಂಟ!

137 ಟನ್ನಿನ ‘ನಡುಗುವ ಬಂಡೆ’ಗೆ ನೀನು ಬೆನ್ನು ಕೊಟ್ಟು ತಳ್ಳಿ, ಏನೂ ಆಗದೆ ನಕ್ಕೆ. ಆಮೇಲೆ ಆ ಅಜ್ಜ ಬಂದು ನಿನ್ನ ಭುಜ ಹಿಡಿದು ಎರಡು ಹೆಜ್ಜೆ ಪಕ್ಕಕ್ಕೆ ಸರಿಸಿದರು. ಆಗ ಬಂಡೆ ಕೂದಲೆಳೆಯಷ್ಟು ಅಲುಗಿತು. ನಿನ್ನ ಮುಖ ನೋಡಬೇಕಿತ್ತು.

ಉಯೆಲ್‌ಗ್ವಾತ್ ಅನ್ನುವ ಹೆಸರಿಗೆ ಆ ಸೀಮೆಯ ಬ್ರೆಟನ್ ಭಾಷೆಯಲ್ಲಿ ‘ಎತ್ತರದ ಕಾಡು’ ಅಂತ ಅರ್ಥ. 1987ರ ಅಕ್ಟೋಬರ್ ಬಿರುಗಾಳಿಗೆ ಆ ಕಾಡಿನ ಬಹುಪಾಲು ಒಂದೇ ರಾತ್ರಿಯಲ್ಲಿ ಮಲಗಿಬಿಟ್ಟಿತು. ನಾವು ನೋಡಿದ ಮರಗಳಲ್ಲಿ ಎಷ್ಟೋ ನಿನಗಿಂತ ಸ್ವಲ್ಪ ದೊಡ್ಡವು, ಅಷ್ಟೇ.

ಮುಖ್ಯವಾದದ್ದು ಈಗ ಹೇಳ್ತೀನಿ. ಕಾಡಿನೊಳಗೆ ಆರ್ಟಸ್ ಕ್ಯಾಂಪ್ ಅಂತ ಬೋರ್ಡ್ ಇತ್ತಲ್ಲ? ಅದು ರೋಮನ್ನರು ಬರುವ ಮುಂಚೆ ಫ್ರಾನ್ಸಿನಲ್ಲಿದ್ದ ಗಾಲ್ ಜನರ ಕೋಟೆ. ಮರದ ತೊಲೆ ಅಡ್ಡಡ್ಡ ಹೆಣೆದು, ಕಬ್ಬಿಣದ ಮೊಳೆ ಹೊಡೆದು, ಕಲ್ಲು ಮಣ್ಣು ತುಂಬಿದ ಗೋಡೆ. 1938ರಲ್ಲಿ ಅದನ್ನು ಅಗೆಸಿದವರು ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್. ಅದೇ ವೀಲರ್ 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಅಗೆಸಿದ್ದು! ನಿನ್ನ ತಾತ ಆಗ ಹುಡುಗ, ಮಂಕರಿಯಲ್ಲಿ ಮಣ್ಣು ಹೊತ್ತವರು. ‘ಮೀಸೆ ದೊರೆ ಚೌಕ ಚೌಕ ಗುಂಡಿ ತೋಡಿಸಿ ನಡುವೆ ಬದು ಬಿಡಿಸ್ತಿದ್ದ, ಬದು ತುಳಿದರೆ ಬೈಗುಳ’ ಅಂತ ಸಾಯುವವರೆಗೂ ಹೇಳುತ್ತಿದ್ದರು. ಆ ಬೋರ್ಡಿನ ಮುಂದೆ ನಿಂತಾಗ ಇದು ನನಗೆ ಗೊತ್ತೇ ಇರಲಿಲ್ಲ. ಮನೆಗೆ ಬಂದು ಓದಿದ ಮೇಲೆ ಹೊಟ್ಟೆ ಉರಿಯಿತು. ಮಂಡಿ ನೋವು ಅಂತ ವಾಪಸ್ ಬಂದೆವಲ್ಲ.

ಬಿಡುವಾದಾಗ ನೀನೊಬ್ಬಳೇ ಆ ಕೋಟೆ ಹತ್ತು. ಒಡ್ಡಿನ ಮೇಲಿಂದ ಒಂದು ಫೋಟೊ ಕಳಿಸು. ಭಾನುವಾರ ನಾನು ಬ್ರಹ್ಮಗಿರಿಗೆ ಹೋಗಿ ಇಲ್ಲಿಂದ ಒಂದು ಕಳಿಸುತ್ತೇನೆ. ಶೇಂಗಾ ಚಟ್ನಿಪುಡಿ ಪಾರ್ಸೆಲ್ ಮಾಡಿದ್ದೇನೆ.

ನಿನ್ನ
ಅಮ್ಮ