ಆಫ್‌ಸೆಟ್ ಬಟನ್ ಮೇಲಿಂದ ಕೈ ತೆಗಿ, ಮಂಜ

ಪ್ರೀತಿಯ ಮಂಜ,

ಶಿಫ್ಟ್ ಇನ್‌ಚಾರ್ಜ್ ಮಾಡಿದ್ದಾರೆ ಅಂತ ನಿನ್ನ ಮೆಸೇಜ್ ನೋಡಿದೆ. ತುಂಬಾ ಖುಷಿಯಾಯಿತು ಕಣೋ. ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯುವ ಎಂಟು ಸಿಎನ್‌ಸಿ ಮಿಷಿನ್, ಹನ್ನೊಂದು ಜನ ಅಂದರೆ ಪೀಣ್ಯದ ಲೆಕ್ಕದಲ್ಲಿ ಸಣ್ಣ ಜವಾಬ್ದಾರಿಯಲ್ಲ. ಲೀಡರ್‌ಶಿಪ್ ಬಗ್ಗೆ ಒಳ್ಳೆ ಪುಸ್ತಕ ಹೇಳು ಅಂತ ಕೇಳಿದ್ದೀಯ. ಪುಸ್ತಕ ಎಲ್ಲೂ ಹೋಗಲ್ಲ, ಆಮೇಲೆ ನೋಡೋಣ. ನಾಳೆ ಬೆಳಿಗ್ಗೆ ಶಾಪ್ ಒಳಗೆ ಕಾಲಿಟ್ಟಾಗ ಏನು ಬೇಕೋ ಅದನ್ನು ಬರೀತೀನಿ.

ನಿನ್ನ ಕೈ ಚೆನ್ನಾಗಿದೆ ಅಂತ ನಿನ್ನನ್ನು ಮೇಲೆ ಹಾಕಿದ್ದಾರೆ. ಇನ್ನು ಮೇಲೆ ನಿನಗೆ ಅಡ್ಡ ಬರೋದೂ ಅದೇ ಕೈ. ಹೊಸ ಹುಡುಗ ಸೆಟ್ಟಿಂಗ್‌ನಲ್ಲಿ ತಡವರಿಸುತ್ತಿದ್ದರೆ 'ಸ್ವಲ್ಪ ಸರಿ' ಅಂತ ಅವನನ್ನು ಪಕ್ಕಕ್ಕೆ ಸರಿಸಿ ನೀನೇ ಆಫ್‌ಸೆಟ್, ಅಂದರೆ ಟೂಲಿನ ಜಾಗ ತಿದ್ದುವ ಅಂಕಿ, ಹೊಡೀತೀಯ. ಹತ್ತು ನಿಮಿಷದಲ್ಲಿ ಕೆಲಸ ಆಗುತ್ತೆ, ನಿನಗೂ ಹಾಯೆನಿಸುತ್ತೆ. ಆ ಹತ್ತು ನಿಮಿಷ ಉಳಿದ ಏಳು ಮಿಷಿನ್ ಯಾರೂ ನೋಡಿಲ್ಲ. ಹುಡುಗ ಕಲಿತಿದ್ದು ಒಂದೇ: ಕಷ್ಟ ಬಂದರೆ ಮಂಜಣ್ಣನ್ನ ಕರೆಯೋದು. ಹೀಗೇ ಬಿಟ್ಟರೆ ಮೂರು ತಿಂಗಳಲ್ಲಿ ನೀನು ಹೆಸರಿಗೆ ಇನ್‌ಚಾರ್ಜ್, ಕೆಲಸದಲ್ಲಿ ಸೆಟ್ಟರ್.

ಶಿಫ್ಟ್ ಬದಲಾಗುವ ಹೊತ್ತಿನಿಂದ ಶುರು ಮಾಡು. ರಿಜೆಕ್ಷನ್ನಿನ ಬೇರು ಬಹಳ ಸಲ ಅಲ್ಲೇ ಇರುತ್ತೆ. ಒಂದು ಲೆಕ್ಕ ಹೇಳ್ತೀನಿ ನೋಡು. 25 ಎಚ್‌7 ಬೋರ್, ಅಂದರೆ ಪೀಸಿನೊಳಗೆ 25 ಮಿಲಿಮೀಟರ್ ತೂತು, ಎಚ್‌7 ಅನ್ನೋದು ಅದರ ಅಳತೆಯ ದರ್ಜೆ. ಮಿತಿ 25.000ರಿಂದ 25.021. ಇನ್ಸರ್ಟ್, ಅಂದರೆ ಟೂಲಿನ ತುದಿಯ ಕೊರೆಯುವ ತುಂಡು, ಸವೆದ ಹಾಗೆ ಬೋರ್ ಸಣ್ಣದಾಗುತ್ತಾ ಬಂದು ಮಧ್ಯಾಹ್ನ 1.50ಕ್ಕೆ 25.004 ತೋರಿಸುತ್ತೆ. ಫಸ್ಟ್ ಶಿಫ್ಟಿನವನು ಆಫ್‌ಸೆಟ್‌ಗೆ 10 ಮೈಕ್ರಾನ್ (0.010 ಮಿಲಿಮೀಟರ್) ಪ್ಲಸ್ ಕೊಟ್ಟು, ಕೈ ತೊಳೆದು ಹೊರಡುತ್ತಾನೆ. ಅವನು ಮಾಡಿದ್ದು ಸರಿಯೇ. ಮುಂದಿನ ಪೀಸ್ 25.014ರ ಹತ್ತಿರ ಬರಬೇಕು. ಸೆಕೆಂಡ್ ಶಿಫ್ಟಿನವನು 2.15ಕ್ಕೆ ಬಂದು ಟ್ರೇಯಿಂದ ಒಂದು ಪೀಸ್ ಎತ್ತಿ ಅಳೆಯುತ್ತಾನೆ. ಅದು ತಿದ್ದುವುದಕ್ಕೆ ಮುಂಚಿನ ಪೀಸ್, 25.004. ಬುದ್ಧಿವಂತ ಹುಡುಗ, ಅವನೂ 10 ಮೈಕ್ರಾನ್ ಪ್ಲಸ್ ಕೊಡುತ್ತಾನೆ. ಮುಂದಿನ ಪೀಸ್ 25.024. ಶಾಫ್ಟ್ ಆಗಿದ್ದರೆ ದಪ್ಪ ಉಳಿದದ್ದನ್ನು ಇನ್ನೊಂದು ಸಲ ಓಡಿಸಿ ಉಳಿಸಬಹುದಿತ್ತು. ಬೋರ್ ದೊಡ್ಡದಾದ ಮೇಲೆ ಲೋಹ ವಾಪಸ್ ಅಂಟಿಸೋಕಾಗಲ್ಲ, ನೇರ ಸ್ಕ್ರ್ಯಾಪ್. ಇಬ್ಬರೂ ಸರಿಯಾಗೇ ಕೆಲಸ ಮಾಡಿದ್ದಾರೆ, ಆದರೂ ಮಾಲು ಹಾಳು. ಇದರಲ್ಲಿ ಯಾರನ್ನು ಬೈತೀಯ?

ಇದಕ್ಕೆ ಔಷಧಿ ಸಣ್ಣದು. ಎರಡೂ ಶಿಫ್ಟಿನ ಇನ್‌ಚಾರ್ಜ್‌ಗಳು 15 ನಿಮಿಷ ಒಟ್ಟಿಗಿರಬೇಕು. ಚಾರ್ಜು ಕೊಡೋದು, ತಗೊಳ್ಳೋದು ಆಫೀಸಿನಲ್ಲಿ ಕುಳಿತು ಅಲ್ಲ, ಒಂದೊಂದೇ ಮಿಷಿನ್ ಮುಂದೆ ನಿಂತು. ಕೊನೆಯ ಅರ್ಧ ಗಂಟೆಯಲ್ಲಿ ಆಫ್‌ಸೆಟ್ ಮುಟ್ಟಿದವನು ಆಮೇಲೆ ಒಂದು ಪೀಸ್ ಓಡಿಸಿ, ಅಳೆದು, ಆ ಪೀಸನ್ನು ಬರುವವನ ಕೈಗೇ ಕೊಡಬೇಕು. ತಿದ್ದುವ ಮುಂಚಿನ ಮಾಲು ಬೇರೆ ಟ್ರೇ. ಲಾಗ್‌ಬುಕ್ಕಿನಲ್ಲಿ 'ಎಲ್ಲಾ ಓಕೆ' ಅಂತ ಬರೆದಿದ್ದರೆ ಪುಸ್ತಕ ಮುಚ್ಚಿ ವಾಪಸ್ ಕೊಡು. 'ಮಿಷಿನ್ 3, ಬೋರ್, 1.50ಕ್ಕೆ ಪ್ಲಸ್ 10 ಮೈಕ್ರಾನ್, ಆಮೇಲಿನ ಪೀಸ್ 25.014' ಅಂತಿರಬೇಕು. ಒಂದು ಸಾಲು ಸಾಕು. ಬರೆಯೋಕೆ ಬೇಜಾರು ಪಡುವವರಿಗೆ ಇಡೀ ಶಾಪಿನಲ್ಲಿ ಮೊದಲು ಬರೆದು ತೋರಿಸಬೇಕಾದವನು ನೀನು.

ಇನ್ನು ಮಾಲು ಕೆಟ್ಟ ದಿನದ ಮಾತು. ಟೊಯೊಟಾದವರ ಲೈನಿನಲ್ಲಿ ತೊಂದರೆ ಕಂಡ ಕೆಲಸಗಾರ ಹಗ್ಗ ಎಳೆದರೆ ದೀಪ ಹೊತ್ತುತ್ತೆ, ಟೀಮ್ ಲೀಡರ್ ಓಡಿ ಬರುತ್ತಾನೆ, ಅಷ್ಟರಲ್ಲಿ ಬಗೆಹರಿಯದಿದ್ದರೆ ಲೈನೇ ನಿಲ್ಲುತ್ತೆ. ಅದಕ್ಕೆ ಆಂಡಾನ್ ಅಂತಾರೆ, ಜಪಾನಿ ಭಾಷೆಯಲ್ಲಿ ಕಾಗದದ ಲಾಟೀನು ಅಂತ ಅರ್ಥ. ನಿನ್ನ ಶಾಪಿನಲ್ಲಿ ಹಗ್ಗವೂ ಇಲ್ಲ, ದೀಪವೂ ಇಲ್ಲ. ಅವೆರಡರ ಕೆಲಸವನ್ನೂ ನಿನ್ನ ಮುಖ ಮಾಡಬೇಕು. 'ಅಣ್ಣಾ, ಎರಡು ಪೀಸ್ ಔಟ್ ಆಯ್ತು, ನಿಲ್ಲಿಸಿದ್ದೀನಿ' ಅಂತ ಒಬ್ಬ ಬಂದಾಗ ನಿನ್ನ ಬಾಯಿಂದ ಮೊದಲು ಬರಬೇಕಾದ ಮಾತು 'ನಿಲ್ಲಿಸಿದ್ದು ಒಳ್ಳೇದಾಯ್ತು, ನಡಿ ನೋಡೋಣ'. ಅಲ್ಲೇ ನಾಲ್ಕು ಜನರ ಮುಂದೆ ಒಂದು ಸಲ ರೇಗಿದೆಯೋ, ಮುಂದಿನ ಔಟ್ ಪೀಸ್ ಚಿಪ್ಸ್ ಬಿನ್ನಿನ ಅಡಿ ಸೇರುತ್ತೆ. ಆವತ್ತಿನ ನಿನ್ನ ರಿಪೋರ್ಟಿನಲ್ಲಿ ರಿಜೆಕ್ಷನ್ ಸೊನ್ನೆ! ತಿಂಗಳ ಕೊನೆಗೆ ಮಾಲಿನ ಲೆಕ್ಕ ತಾಳೆ ಆಗದಿದ್ದಾಗ ಗೊತ್ತಾಗುತ್ತೆ.

ಬೈಯಲೇಬಾರದು ಅಂತಲ್ಲ. ಬೈಯುವುದಿದ್ದರೆ ಅದೇ ಶಿಫ್ಟಿನಲ್ಲಿ, ಒಬ್ಬನನ್ನೇ ಕರೆದು, ಆದ ಕೆಲಸವನ್ನು ಹೆಸರಿಟ್ಟು ಹೇಳು. 'ನಿಂದು ಯಾವಾಗಲೂ ಇದೇ ಕಥೆ' ಅಂದರೆ ಅವನು ತನ್ನನ್ನು ಸಮರ್ಥಿಸಿಕೊಳ್ಳುತ್ತಾ ನಿಲ್ಲುತ್ತಾನೆ. 'ಮೊದಲ ಪೀಸ್ ಕ್ವಾಲಿಟಿಯವರಿಗೆ ತೋರಿಸದೆ 12 ಓಡಿಸಿದ್ದೀಯ, ಯಾಕೆ?' ಅಂದರೆ ಉತ್ತರ ಕೊಡಲೇಬೇಕು. ಕ್ವಾಲಿಟಿಯವನು ಅರ್ಧ ಗಂಟೆ ಸೀಟಿನಲ್ಲಿರಲಿಲ್ಲ ಅನ್ನೋದು ಆಗ ಹೊರಗೆ ಬರುತ್ತೆ. ಸರಿಪಡಿಸಬೇಕಾದ್ದು ಅದನ್ನು. ಕಸ್ಟಮರ್‌ಗೆ ಕಳಿಸುವ ಫಾರಂನಲ್ಲಿ ಕಾರಣ ಅನ್ನುವ ಕಡೆ 'ಆಪರೇಟರ್ ನಿರ್ಲಕ್ಷ್ಯ', ಕ್ರಮ ಅನ್ನುವ ಕಡೆ 'ತಿಳಿಹೇಳಲಾಗಿದೆ' ಅಂತ ತುಂಬುವ ಚಾಳಿ ಎಲ್ಲಾ ಕಡೆ ಇದೆ. ಹಾಗೆ ಬರೆದ ಫಾರಂ ಅಂದರೆ ಯಾರೂ ಏನೂ ಹುಡುಕಿಲ್ಲ ಅಂತ ಅರ್ಥ. ತಿಳಿಹೇಳಿದ ಮೇಲೂ ಟ್ರೇ ಒಂದೇ ಇದೆ, ಪುಸ್ತಕದಲ್ಲಿ 'ಎಲ್ಲಾ ಓಕೆ' ಇದೆ.

ಕಸ್ಟಮರ್ ಕಡೆಯವರು ಕೂಗಾಡುತ್ತಾ ಬಂದಾಗ ಮುಂದೆ ನಿಲ್ಲಬೇಕಾದವನು ನೀನು, ಆಪರೇಟರ್ ಅಲ್ಲ. 1979ರ ಆಗಸ್ಟ್ 10ರಂದು ಇಸ್ರೋದ ರಾಕೆಟ್ ಎಸ್‌ಎಲ್‌ವಿ-3 ಸಮುದ್ರಕ್ಕೆ ಬಿದ್ದಾಗ ಪತ್ರಕರ್ತರ ಮುಂದೆ ಕೂತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ಕ್ಕೆ ಗೆದ್ದಾಗ ಮಾತಾಡಲು ಆ ಯೋಜನೆಯ ನಿರ್ದೇಶಕ ಕಲಾಂ ಅವರನ್ನು ಕಳಿಸಿದರು. ಈ ಕಥೆ ಕೇಳಿ ಕೇಳಿ ನಿನ್ನ ಕಿವಿ ತೂತಾಗಿರಬಹುದು, ಆದರೂ ಕಸ್ಟಮರ್ ಆಡಿಟ್ ದಿನ ನೆನಪಿಗೆ ಬರಲಿ.

ಕಲಿಸೋದು ಹೇಗೆ ಅಂದರೆ, 1940ರಲ್ಲಿ ಅಮೆರಿಕದಲ್ಲಿ ಯುದ್ಧದ ಮಾಲು ಮಾಡೋಕೆ ಫ್ಯಾಕ್ಟರಿಗಳಿಗೆ ಹೊಸಬರು ನುಗ್ಗಿದಾಗ ಸೂಪರ್‌ವೈಸರ್‌ಗಳಿಗೆ ಅಂತಲೇ ಟಿಡಬ್ಲ್ಯುಐ (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ) ಅನ್ನೋ ತರಬೇತಿ ಶುರುವಾಯಿತು. ಯುದ್ಧ ಮುಗಿದ ಮೇಲೆ ಅದು ಜಪಾನಿಗೆ ಹೋಗಿ ಅಲ್ಲಿ ಬೇರು ಬಿಟ್ಟಿತು. ಅದರಲ್ಲಿ ಕೆಲಸ ಕಲಿಸೋಕೆ ನಾಲ್ಕು ಹಂತ: ಅವನನ್ನು ಸಿದ್ಧ ಮಾಡು, ನೀನು ಮಾಡಿ ತೋರಿಸು, ಅವನ ಕೈಲಿ ಮಾಡಿಸು, ಆಮೇಲೆ ಬಂದು ನೋಡು. ನಮ್ಮ ಕಡೆ ಎರಡನೆಯದಕ್ಕೇ ನಿಲ್ಲಿಸುತ್ತೀವಿ. ಮೂರನೆಯದರಲ್ಲೇ ಇರೋದು ಅಸಲು ವಿಷಯ: ಅವನು ಕೈಯಲ್ಲಿ ಮಾಡುತ್ತಲೇ ಏನು, ಯಾಕೆ ಅಂತ ಬಾಯಲ್ಲೂ ಹೇಳಬೇಕು. ತೆಳು ಗೋಡೆಯ ಪೀಸನ್ನು ಚಕ್‌ಗೆ, ಅಂದರೆ ಮೂರು ಜಾ (ದವಡೆ) ಒತ್ತಿ ಪೀಸ್ ಹಿಡಿಯೋ ಭಾಗಕ್ಕೆ, ಹಿಡಿಸೋದು ಕಲಿಸುತ್ತಿದ್ದೀಯ ಅಂದುಕೋ. 'ಪ್ರೆಶರ್ ಕಮ್ಮಿ ಇಡು' ಅಂದರೆ ನಾಳೆ ಮರೀತಾನೆ. ಪ್ರೆಶರ್ ಜಾಸ್ತಿ ಆದರೆ ಮೂರು ಜಾ ಒತ್ತಿದ ಕಡೆ ಪೀಸ್ ಒಳಕ್ಕೆ ಬಾಗುತ್ತೆ, ಬಾಗಿದ್ದರ ಮೇಲೇ ಬೋರ್ ದುಂಡಗೆ ಆಗುತ್ತೆ, ಜಾ ಬಿಚ್ಚಿದ ತಕ್ಷಣ ಪೀಸ್ ಹಿಗ್ಗಿ ಬೋರ್ ಮುಮ್ಮೂಲೆಯಾಗುತ್ತೆ. ಇದನ್ನು ಅವನ ಬಾಯಲ್ಲಿ ಹೇಳಿಸು. ನಿನ್ನ ಹಿಂದಿ ಅಷ್ಟಕ್ಕಷ್ಟೆ, ಬಿಹಾರ್, ಒಡಿಶಾ ಹುಡುಗರ ಕನ್ನಡವೂ ಅಷ್ಟಕ್ಕಷ್ಟೆ, ಹಾಗಾಗಿ ಪೀಸ್ ಮೇಲೆ ಮಾರ್ಕರ್‌ನಲ್ಲಿ ಬರೆದು ತೋರಿಸು. ಕಲಿಸುವಾಗ ನಿನ್ನ ಎರಡೂ ಕೈ ಬೆನ್ನ ಹಿಂದೆ ಇರಲಿ. ತಮಾಷೆಗೆ ಹೇಳ್ತಿಲ್ಲ, ನಿಜವಾಗಿಯೂ ಕಟ್ಟಿಕೋ.

ವಯಸ್ಸಿನಲ್ಲಿ ನಿನಗಿಂತ ದೊಡ್ಡವರಿಗೆ, ನಿನ್ನೆವರೆಗೂ ನಿನಗೇ ಕೆಲಸ ಹೇಳಿಕೊಟ್ಟವರಿಗೆ ಆರ್ಡರ್ ಮಾಡೋದು ಹೇಗೆ ಅಂತ ನೀನು ಕೇಳಿದ್ದೆ. 'ಅಣ್ಣ' ಅನ್ನೋದನ್ನು ಬಿಡಬೇಡ. ಅವರ ಕೈ ಗಟ್ಟಿ ಇರುವ ಮಿಷಿನ್ನಿಗೆ ಒಬ್ಬ ಹುಡುಗನನ್ನು ಒಪ್ಪಿಸಿ 'ಇವನನ್ನು ನೀವೇ ತಯಾರು ಮಾಡಿ' ಅನ್ನು. ಟೀ ಹೊತ್ತಿನಲ್ಲಿ ಮ್ಯಾನೇಜ್‌ಮೆಂಟನ್ನು ಆಡಿಕೊಳ್ಳುವ ಮಾತಿಗೆ ಮಾತ್ರ ಇನ್ನು ನೀನು ತಲೆ ಆಡಿಸುವ ಹಾಗಿಲ್ಲ.

ಒಂದು ಹಾಳೆಯಲ್ಲಿ ಹನ್ನೊಂದು ಹೆಸರು, ಎಂಟು ಮಿಷಿನ್ ಗೆರೆ ಹಾಕಿ ಯಾರಿಗೆ ಯಾವುದು ಬರುತ್ತೆ ಅಂತ ಗುರುತು ಮಾಡು. ಒಬ್ಬನಿಗೇ ಬರುವ ಮಿಷಿನ್ ಇದ್ದರೆ ಅದಕ್ಕೆ ಎರಡನೆಯವನನ್ನು ತಯಾರು ಮಾಡೋದು ನಿನ್ನ ಮೊದಲ ತಿಂಗಳ ಕೆಲಸ. ದೀಪಾವಳಿ, ಛಠ್ ಸಮಯಕ್ಕೆ ರೈಲು ಟಿಕೆಟ್ ಮೊದಲೇ ಬುಕ್ ಆಗಿರುತ್ತೆ, ರಜೆ ಮಾತ್ರ ಕೊನೆಗೆ ಕೇಳುತ್ತಾರೆ. ಎರಡು ತಿಂಗಳು ಮುಂಚೆ ನೀನೇ ಕೇಳು.

ಮೇಲಿನವರ ಹತ್ತಿರ ನಿನ್ನ ಬೆಲೆ ಏರೋದು ನೀನು ಕೊಡುವ ತಾರೀಖಿನಿಂದ. 500 ಪೀಸ್ ಆರ್ಡರ್, ಲೋಡ್ ಮಾಡಿ ಇಳಿಸೋದೂ ಸೇರಿ ಪೀಸಿಗೆ 5 ನಿಮಿಷ. ಸಾಹೇಬರು ಎದುರಿಗೆ ನಿಂತಾಗ 480 ನಿಮಿಷವನ್ನು 5ರಿಂದ ಭಾಗಿಸಿ 'ಶಿಫ್ಟಿಗೆ 96 ಸಾರ್' ಅಂತ ಬಾಯಿಗೆ ಬಂದುಬಿಡುತ್ತೆ. ಊಟ, ಟೀಗೆ 45 ನಿಮಿಷ ಕಳೆ, 435. ಮೊದಲ ಶಿಫ್ಟಿನಲ್ಲಿ ಸೆಟ್ಟಿಂಗ್‌ಗೆ 60 ಕಳೆ, 375. ಅಂದರೆ 75 ಪೀಸ್. ಇನ್ಸರ್ಟ್ ಬದಲಾವಣೆ, ಅಳತೆ, ಕೂಲೆಂಟ್ ತುಂಬೋದು, ಇವಕ್ಕೆಲ್ಲ ನೂರಕ್ಕೆ ಹದಿನೈದು ಬಿಡು, 64ರ ಹತ್ತಿರ. ಸೆಟ್ಟಿಂಗ್ ಇಲ್ಲದ ಮುಂದಿನ ಶಿಫ್ಟ್‌ಗಳಲ್ಲಿ 74ರ ಹತ್ತಿರ. ಸೋಮವಾರ ಬೆಳಿಗ್ಗೆ ಶುರು ಮಾಡಿದರೆ ಏಳು ಶಿಫ್ಟ್ ಬೇಕು, ದಿನಕ್ಕೆ ಎರಡು ಶಿಫ್ಟಿನ ಲೆಕ್ಕದಲ್ಲಿ ಗುರುವಾರ ಫಸ್ಟ್ ಶಿಫ್ಟ್ ಮುಗಿಯುವಾಗ ಮಾಲು ರೆಡಿ. 96ರ ಲೆಕ್ಕದಲ್ಲಿ ಬುಧವಾರ ಸಂಜೆ ಅಂದಿರುತ್ತಿದ್ದೆ, ಗಾಡಿ ಬಂದು ಗೇಟಿನಲ್ಲಿ ನಿಂತಿರುತ್ತಿತ್ತು. ಹದಿನೈದರ ಬದಲು ನಿನ್ನ ಶಾಪಿನ ನಿಜವಾದ ಅಂಕಿ ಎಷ್ಟು ಅಂತ ಎರಡು ವಾರ ಬರೆದಿಟ್ಟು ಕಂಡುಕೋ. ತಡವಾಗುತ್ತೆ ಅಂತ ಮಂಗಳವಾರ ಗೊತ್ತಾದರೆ ಮಂಗಳವಾರವೇ ಹೇಳು. ಆವತ್ತು ಹೇಳಿದರೆ ಇನ್ನೊಂದು ಮಿಷಿನ್ ಬಿಡಿಸಿಕೊಡಬಹುದು, ಗುರುವಾರ ಹೇಳಿದರೆ ಬೈಯೋದು ಬಿಟ್ಟು ಅವರ ಕೈಲೂ ಏನೂ ಆಗಲ್ಲ.

ಆ ಒತ್ತಡದಲ್ಲೇ ಒಂದು ಕೆಟ್ಟ ಯೋಚನೆ ಬರುತ್ತೆ: ಬಾಗಿಲು ತೆರೆದರೆ ಮಿಷಿನ್ ನಿಲ್ಲಿಸುವ ಡೋರ್ ಸ್ವಿಚ್ಚಿಗೆ ಬಿಡಿ ಕೀ ತುರುಕಿ ಬಾಗಿಲು ತೆರೆದೇ ಓಡಿಸೋಣ ಅಂತ. ನೀನು ಒಂದೇ ಸಲ ಮಾಡಿದರೂ ಮಾರನೆ ದಿನದಿಂದ ಎಂಟೂ ಮಿಷಿನ್ನಿನ ಬಾಗಿಲು ತೆರೆದಿರುತ್ತೆ. ಬೇಡ ಅನ್ನೋಕೆ ನಿನಗೆ ಬಾಯಿ ಇರಲ್ಲ. ಆ ಬಿಡಿ ಕೀಗಳನ್ನು ನಾಳೆಯೇ ಕಿತ್ತು ನಿನ್ನ ಡ್ರಾಯರಿಗೆ ಹಾಕಿ ಬೀಗ ಜಡಿ.

ಸಂಬಳದ ಮಾತಿಗೆ ಈಗಲೇ ಹೋಗಬೇಡ. ನೀನು ಚಾರ್ಜು ತಗೊಂಡ ದಿನದ ರಿಜೆಕ್ಷನ್ ಎಷ್ಟು, ಒಂದು ಸೆಟ್ಟಿಂಗ್‌ಗೆ ಎಷ್ಟು ನಿಮಿಷ, ತಾರೀಖಿಗೆ ಸರಿಯಾಗಿ ಹೋದ ಆರ್ಡರ್ ಎಷ್ಟು, ಈ ಮೂರನ್ನು ಈ ವಾರವೇ ಬರೆದಿಡು. ಆರು ತಿಂಗಳಾದ ಮೇಲೆ ಶುರುವಿನ ಅಂಕಿ ಯಾರಿಗೂ ನೆನಪಿರಲ್ಲ, ನಿನ್ನ ಹಾಳೆಯಲ್ಲಿ ಮಾತ್ರ ಇರುತ್ತೆ. ಮಿಷಿನ್ ಗಂಟೆಯ ರೇಟ್ ಎಷ್ಟು ಅಂತ ಅಕೌಂಟ್ಸ್‌ನವರನ್ನು ಕೇಳಿ ತಿಳಿದುಕೋ. ಪೀಸಿಗೆ 5 ನಿಮಿಷದ ಲೆಕ್ಕದಲ್ಲಿ 12 ಪೀಸ್ ಹಾಳಾದರೆ ಒಂದು ಗಂಟೆ ಮಿಷಿನ್, ಜೊತೆಗೆ ಮಾಲು, ಅದಕ್ಕೂ ಮುಂಚಿನ ಆಪರೇಷನ್ನುಗಳ ಖರ್ಚು. ಅದನ್ನು ರೂಪಾಯಿಯಲ್ಲಿ ಹೇಳಬಲ್ಲ ಇನ್‌ಚಾರ್ಜ್‌ನನ್ನು ಮೀಟಿಂಗ್‌ಗೆ ಕರೆಯುತ್ತಾರೆ.

ಮುಂದಿನ ವಾರ ನಿಂದು ಸೆಕೆಂಡ್ ಶಿಫ್ಟ್ ಅಲ್ವಾ? ಸೋಮವಾರ ರಾತ್ರಿ ಮನೆಗೆ ಹೊರಡೋ ಮುಂಚೆ ಮೂರನೇ ಮಿಷಿನ್ನಿನ ಲಾಗ್‌ಬುಕ್ ಫೋಟೋ ತೆಗೆದು ಕಳಿಸು. ಬೇರೆಯವರ ಕೈಬರಹದಲ್ಲಿರಲಿ.

ನಿನ್ನ,
ಶಿವು