ಮುಟ್ಟು ನಿಲ್ಲುವ ಕಾಲ: ಕೇಳುವವರಿಲ್ಲ

ಮಾನ್ಯರೇ,

ನನಗೆ 48, ಅಕ್ಕನಿಗೆ 51. ನಾನು ಮಂಡ್ಯದಲ್ಲಿ ದಿನವಿಡೀ ಕೂತು ಕೆಲಸ ಮಾಡುವವಳು. ಅಕ್ಕ ಹಳ್ಳಿಯಲ್ಲಿ ಕಬ್ಬಿನ ಗದ್ದೆಗೆ ಹೋಗುವವಳು. ಮುಟ್ಟು ನಿಲ್ಲುವ ಈ ಹೊತ್ತಲ್ಲಿ ನನಗೆ ನಡುರಾತ್ರಿ ಮೈಯೆಲ್ಲ ಕಾದು, ದಿಂಬು ಒದ್ದೆಯಾಗಿ ಎಚ್ಚರವಾಗುತ್ತದೆ. ಅಕ್ಕನಿಗೆ ಮಂಡಿ, ಸೊಂಟದ ನೋವೇ ಜಾಸ್ತಿ. ಮೈ ಬಿಸಿಯಾಗಿದ್ದನ್ನು ಬಿಸಿಲಿನ ಲೆಕ್ಕಕ್ಕೆ ಹಾಕಿ, ಸೆರಗು ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿಕೊಂಡು ಕಳೆ ಕೀಳುತ್ತಿದ್ದಳು. ಒಂದೇ ತಾಯಿಯ ಮಕ್ಕಳು, ಆದರೆ ಬದುಕು ಬೇರೆ, ಕಷ್ಟವೂ ಬೇರೆ ಅಲ್ವಾ?

ನಮ್ಮ ದೇಶದಲ್ಲಿ ಸರಾಸರಿ 46–47ಕ್ಕೇ ಮುಟ್ಟು ನಿಲ್ಲುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ 51ರ ಸುಮಾರಿಗೆ. ಧೂಮಪಾನ ಮಾಡುವವರಿಗೆ ಇನ್ನೂ ಬೇಗ. ಮೈತೂಕ ಜಾಸ್ತಿಯಿದ್ದರೆ ಬೆವರು, ಬಿಸಿ ಹೆಚ್ಚು ಕಾಡುತ್ತದೆ. ಮುಟ್ಟು ನಿಂತ ಮೇಲೆ ಮೂಳೆಯೂ ಸವೆಯುತ್ತದೆ. ನಮ್ಮ ರಾಗಿಮುದ್ದೆ, ಸೊಪ್ಪಿನ ಸಾರು ಬಿಡಬಾರದು. ದಿನಾ ನಡೆಯಲೇಬೇಕು.

ಬಸುರಿ, ಬಾಣಂತಿಯನ್ನು ವಿಚಾರಿಸಲು ಆಶಾ ಕಾರ್ಯಕರ್ತೆಯರು ಮನೆಗೇ ಬರುತ್ತಾರೆ. 45 ದಾಟಿದವಳನ್ನು ಯಾರೂ ಕೇಳುವುದಿಲ್ಲ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ತಕ್ಷಣ ವೈದ್ಯರಿಗೆ ತೋರಿಸಬೇಕು ಅನ್ನುವುದೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೊಂದು ದಿನ ಈ ವಯಸ್ಸಿನವರಿಗೆಂದೇ ಮೀಸಲಿಡಲಿ.

– ಓರ್ವ ಓದುಗಿ, ಮಂಡ್ಯ