ಗೋಡೆಚಿತ್ರದ ಫೋಟೊದಲ್ಲಿ ಗೋಡೆಯೂ ಇರಲಿ

ಮಾನ್ಯ ಸಂಪಾದಕರೇ,

ಗೋಡೆಚಿತ್ರಗಳ ಫೋಟೊಗಳು ಪತ್ರಿಕೆಗಳಲ್ಲೂ ಜಾಲತಾಣಗಳಲ್ಲೂ ಈಗ ಧಾರಾಳವಾಗಿ ಬರುತ್ತಿವೆ. ಹೆಚ್ಚಿನವು ಒಂದು ಮುಖಕ್ಕೋ ಹಕ್ಕಿಗೋ ಕತ್ತರಿಸಿದ ತುಣುಕುಗಳು. ಚಿತ್ರ ಎಷ್ಟು ದೊಡ್ಡದು, ಯಾವ ಗೋಡೆಯದು ಎಂಬುದೇ ಗೊತ್ತಾಗುವುದಿಲ್ಲ. ಚಿತ್ರ ಬರೆಯುವವರು ಕಿಟಕಿ, ಪೈಪು, ಎದುರಿನ ಮರ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದೇ ಬಣ್ಣ ಕಲಸುತ್ತಾರೆ. ದೆಹಲಿಯ ಲೋಧಿ ಕಾಲೊನಿಯ ಚಿತ್ರ ಬರೆದ ಗೋಡೆಗಳನ್ನು, ಅಲ್ಲಿನ ಕಮಾನು ಬಿಟ್ಟು ತೆಗೆದರೆ ಅರ್ಧ ಚಿತ್ರವೇ ಹೋದಂತೆ. ಹಾಗಾಗಿ ಒಂದು ಚಿತ್ರಕ್ಕೆ ಎರಡು ಫೋಟೊ ಬೇಕು: ದಾಖಲೆಗೊಂದು, ಬೀದಿಯ ಸಮೇತ ಒಂದು.

ದಾಖಲೆಯ ಫೋಟೊಗೆ ಗೋಡೆಯ ಮಧ್ಯಕ್ಕೆ ಸರಿಯಾಗಿ ಎದುರು ನಿಲ್ಲಬೇಕು. ಮೊಬೈಲಿನ 1ಎಕ್ಸ್‌ನಲ್ಲಿ (ಜೂಮ್ ಮಾಡದ ಮಾಮೂಲಿ ನೋಟ), ಫೋನ್ ಅಡ್ಡ ಹಿಡಿದರೆ, 20 ಅಡಿ ಎತ್ತರದ ಗೋಡೆಗೆ ಸುಮಾರು 25 ಅಡಿ ದೂರ ಬೇಕು. 2ಎಕ್ಸ್‌ನಲ್ಲಿ ಅದರ ಎರಡರಷ್ಟು. ಜಾಗವಿಲ್ಲವೆಂದು ಹೆಚ್ಚು ಅಗಲ ಹಿಡಿಯುವ 0.5ಎಕ್ಸ್‌ಗೆ ಹೋದರೆ ಮೂಲೆಗಳು ಮಸುಕಾಗುತ್ತವೆ, ಫೋನ್ ತುಸು ವಾಲಿದರೂ ಗೋಡೆ ಬೀಳುವಂತೆ ಕಾಣುತ್ತದೆ. ಎದುರಿನ ಕಟ್ಟಡದ ಮೊದಲ ಮಹಡಿಗೆ ಹತ್ತಲು ಬಿಟ್ಟರೆ ಅದೇ ಒಳ್ಳೆಯ ಜಾಗ. ಇಲ್ಲವಾದರೆ ಕೆಳಗಿನಿಂದ ತೆಗೆದಾಗ ಬರುವ ಓರೆಯನ್ನು ಎಡಿಟಿಂಗ್‌ನಲ್ಲಿ ತಿದ್ದಬಹುದು. ಆದರೆ ತಿದ್ದುವಾಗ ಅಂಚುಗಳು ಹೋಗುವುದರಿಂದ ಸುತ್ತ ಹತ್ತನೇ ಒಂದು ಭಾಗದಷ್ಟು ಜಾಗ ಬಿಟ್ಟೇ ತೆಗೆಯಿರಿ.

ಬೆಂಗಳೂರಿನಲ್ಲಿ 2009ರ ಸುಮಾರಿಗೆ ಬಿಬಿಎಂಪಿ ಸಿನಿಮಾ ಪೋಸ್ಟರ್ ಕಲಾವಿದರಿಂದ ಬರೆಸಿದಂಥ ಉದ್ದದ ಕಾಂಪೌಂಡ್ ಗೋಡೆಗಳ ಕಷ್ಟ ಬೇರೆ. ಒಂದೇ ಕಡೆ ನಿಂತು ಪನೋರಮಾ ತೆಗೆದರೆ ಗೋಡೆ ನಡುವೆ ಉಬ್ಬುತ್ತದೆ. ಗೋಡೆಯಿಂದ ಒಂದೇ ದೂರ ಕಾಯ್ದುಕೊಂಡು, ಫ್ರೇಮಿನಿಂದ ಫ್ರೇಮಿಗೆ ಬದಲಾಗದಂತೆ ಕ್ಯಾಮೆರಾದಲ್ಲಿ ಬೆಳಕನ್ನು (ಎಕ್ಸ್‌ಪೋಶರ್) ಲಾಕ್ ಮಾಡಿ, ಒಂದು ಫ್ರೇಮಿನ ಮೂರನೇ ಒಂದು ಭಾಗ ಮುಂದಿನದರಲ್ಲೂ ಬರುವಂತೆ ನಡೆಯುತ್ತಾ ತೆಗೆದು ಜೋಡಿಸಬೇಕು. ನಡುವೆ ಕರೆಂಟ್ ಕಂಬವಿದ್ದರೆ ಜೋಡಣೆಯಲ್ಲಿ ಅದು ಎರಡಾಗುತ್ತದೆ. ಅಲ್ಲಿ ಬೆಸುಗೆ ಬೀಳದಂತೆ ನೋಡಿಕೊಳ್ಳಿ.

ಬಿಸಿಲು ಎನಾಮೆಲ್ ಬಣ್ಣದ ಮೇಲೆ ಬಿದ್ದರೆ ಬಿಳಿ ಮಚ್ಚೆಗಳು. ಓರೆಯಾಗಿ ಬಿದ್ದರೆ ಗಾರೆಯ ಉಬ್ಬುತಗ್ಗು ಚಿತ್ರವನ್ನೇ ನುಂಗುತ್ತದೆ. ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಹಾಕಿದರಾಯಿತು ಎನ್ನುವವರಿದ್ದಾರೆ. ನೇರ ಎದುರಿನಿಂದ ತೆಗೆಯುವಾಗ ಅದರಿಂದ ಹೆಚ್ಚು ಉಪಯೋಗವಿಲ್ಲ. ಮೋಡದ ದಿನ ಉತ್ತಮ. ಇಲ್ಲದಿದ್ದರೆ ಪೂರ್ವಕ್ಕೆ ಮುಖ ಮಾಡಿದ ಗೋಡೆಗೆ ಮಧ್ಯಾಹ್ನದ ನಂತರ ಹೋಗಿ. ಮರದ ನೆರಳಿನಲ್ಲಿ ಬಣ್ಣಗಳು ಹಸಿರಿಗೆ ತಿರುಗುತ್ತವೆ, ಗೋಡೆಯ ಪಕ್ಕ ಬಿಳಿ ಹಾಳೆ ಹಿಡಿದು, ಅದು ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಹೊಂದಿಸಿಕೊಳ್ಳಿ.

ಎರಡನೆಯ ಫೋಟೊಗೆ ಇಷ್ಟು ಕಟ್ಟುನಿಟ್ಟು ಬೇಡ. ಟೀ ಗಾಡಿ, ನಿಲ್ಲಿಸಿದ ಸ್ಕೂಟರ್, ನಡೆದುಹೋಗುವವರು ಇದ್ದರೆ ಅಳತೆ ತಾನಾಗಿ ತಿಳಿಯುತ್ತದೆ.

ಕಲಾವಿದ ಬಾದಲ್ ನಂಜುಂಡಸ್ವಾಮಿಯವರಂತೆ ರಸ್ತೆಯ ಮೇಲೆ ಬರೆಯುವ ತ್ರೀಡಿ ಚಿತ್ರಗಳಿಗೆ ಮೇಲಿನ ಯಾವ ನಿಯಮವೂ ಸಲ್ಲದು. ನಿಲ್ಲುವ ಜಾಗವನ್ನು ಕಲಾವಿದರೇ ಗೊತ್ತುಮಾಡಿರುತ್ತಾರೆ. ನಾಲ್ಕು ಹೆಜ್ಜೆ ಸರಿದರೆ ಆಕೃತಿ ಎಳೆದಂತಾಗುತ್ತದೆ.

ಇನ್ನು ಸಹಿ. ಅದು ಸಾಮಾನ್ಯವಾಗಿ ಕೆಳಮೂಲೆಯಲ್ಲಿರುತ್ತದೆ, ಪುಟ ವಿನ್ಯಾಸದಲ್ಲಿ ಮೊದಲು ಕತ್ತರಿ ಬೀಳುವುದೂ ಅಲ್ಲಿಗೇ. 1957ರ ಕೃತಿಸ್ವಾಮ್ಯ ಕಾಯ್ದೆ ಸಾರ್ವಜನಿಕ ಸ್ಥಳದ ಶಿಲ್ಪಗಳ ಫೋಟೊಗೆ ಕೊಟ್ಟ ವಿನಾಯಿತಿಯನ್ನು ವರ್ಣಚಿತ್ರಗಳಿಗೆ ಕೊಟ್ಟಿಲ್ಲ. ಕ್ಯಾಲೆಂಡರ್, ಜಾಹೀರಾತಿಗೆ ಬಳಸುವವರು ಕಲಾವಿದರ ಒಪ್ಪಿಗೆ ಪಡೆಯಬೇಕು. ತಮ್ಮ ಪತ್ರಿಕೆ ಓದುಗರಿಂದ ಇಂಥ ಫೋಟೊ ಕೇಳುವಾಗ ಕಲಾವಿದರ ಹೆಸರು, ಬೀದಿ, ತೆಗೆದ ತಿಂಗಳನ್ನೂ ಕೇಳಲಿ, ಅಡಿಬರಹದಲ್ಲಿ ಅಚ್ಚು ಹಾಕಲಿ.

– ಹವ್ಯಾಸಿ ಛಾಯಾಗ್ರಾಹಕ, ಬೆಂಗಳೂರು